ಸೂಪರ್ಬ್‌ಗೆ ಹೊಸ ಟೈರ್: ಹಿಂದಿನ ಸೀಟಿನವರ ತೀರ್ಪು

ನಮ್ಮದು 2018ರ ಸ್ಕೋಡಾ ಸೂಪರ್ಬ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಷ್ಟು ದೊಡ್ಡ ಕಾರು ನಮಗೆ ಬೇಕಾಗಿದ್ದು ಅಪ್ಪನ ಸೊಂಟಕ್ಕೆ. ಡಿಸ್ಕ್ ಜಾರಿದೆ, ಕಾಲು ಮಡಚಿ ಅರ್ಧ ಗಂಟೆ ಕೂತರೆ ಇಳಿಯುವಾಗ ಮುಖ ಹಿಂಡುತ್ತಾರೆ. ಸೂಪರ್ಬ್‌ನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ ಹಾಗೇ ಕೂರಬಹುದು. ಮೈಸೂರಿನಿಂದ ಮಂಗಳೂರಿಗೆ, ಅಕ್ಕನ ಮನೆಗೆ, ಎರಡು ತಿಂಗಳಿಗೊಮ್ಮೆ ಹೋಗಿ ಬರುತ್ತೇವೆ.

2024ರ ಶುರುವಿನಲ್ಲಿ ಹಿಂದಿನಿಂದ ಗುಂಯ್ ಅಂತ ಸದ್ದು ಬರೋಕೆ ಶುರುವಾಯಿತು. 60ರ ಮೇಲೆ ಹೋದರೆ ಜಾಸ್ತಿ. ಒಬ್ಬ ಮೆಕ್ಯಾನಿಕ್ ಕಾರು ಓಡಿಸಿ ನೋಡಿ, 'ವೀಲ್ ಬೇರಿಂಗ್ ಹೋಗಿದೆ ಮೇಡಂ, ಎರಡೂ ಕಡೆ ಹಾಕಿಸಿಬಿಡಿ' ಅಂದರು. ಚಕ್ರ ಸಲೀಸಾಗಿ ತಿರುಗಲು ಒಳಗಿರುವ ಭಾಗ ಅದು. ನಾನು ಹೂಂ ಅನ್ನುವವಳಿದ್ದೆ. ಅಪ್ಪ ಬಿಡಲಿಲ್ಲ.

ಅಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ವಿಕ್ರಾಂತ್ ಟೈರ್ಸ್‌ನಲ್ಲಿ ಕೆಲಸ ಮಾಡಿದವರು. ಮೈಸೂರಿನವರಿಗೆ ಗೊತ್ತು, 1997ರಲ್ಲಿ ಜೆಕೆ ಟೈರ್‌ನವರು ತಗೊಂಡ ಕಂಪನಿ. ಹೆಸರು ಬದಲಾದರೂ ಅಪ್ಪನ ಬಾಯಲ್ಲಿ ಇವತ್ತಿಗೂ ಅದು ವಿಕ್ರಾಂತೇ. ಟೈರ್ ವಿಷಯ ಬಂದರೆ ಅವರ ಸೊಂಟ ನೋವೆಲ್ಲ ಮಾಯ.

ಅವತ್ತು ಅವರು ಮಾಡಿದ್ದು ಇಷ್ಟು. ಗೇಟಿನ ಹತ್ತಿರ ಸ್ಟೂಲ್ ಹಾಕಿಸಿಕೊಂಡು ಕೂತರು. ಹಿಂದಿನ ಚಕ್ರದ ಮೇಲೆ ಅಂಗೈ ಇಟ್ಟು ಒಂದು ದಿಕ್ಕಿಗೆ ಸವರಿದರು. ಆಮೇಲೆ ಉಲ್ಟಾ ದಿಕ್ಕಿಗೆ. 'ಈಗ ನೀನು ನೋಡು ಪುಟ್ಟಿ' ಅಂದರು. ಒಂದು ಕಡೆಗೆ ಸವರಿದರೆ ನುಣ್ಣಗಿದೆ. ಇನ್ನೊಂದು ಕಡೆಗೆ ಗರಗಸದ ಹಲ್ಲು ಸವರಿದ ಹಾಗೆ, ಒಂದೊಂದು ಬಟನ್‌ನ (ಟೈರಿನ ಮೈಮೇಲೆ ಉಬ್ಬಿರುವ ರಬ್ಬರ್ ತುಂಡು) ಅಂಚೂ ಕೈಗೆ ಚುಚ್ಚುತ್ತದೆ. ಅದೂ ಒಳಮಗ್ಗುಲಲ್ಲಿ ಮಾತ್ರ. ಹೊರಗೆ ನಿಂತು ನೋಡಿದರೆ ಟೈರ್ ಚೆನ್ನಾಗೇ ಕಾಣುತ್ತಿತ್ತು.

'ಬೇರಿಂಗೂ ಅಲ್ಲ, ಎಂಥದ್ದೂ ಅಲ್ಲ. ಹಿಂದಿನ ಅಲೈನ್‌ಮೆಂಟ್ ಯಾರೂ ಮುಟ್ಟೇ ಇಲ್ಲ ಕಣೇ.'

ಅಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಅಲೈನ್‌ಮೆಂಟ್ ಅಂದರೆ ಚಕ್ರಗಳು ಸೊಟ್ಟಗಾಗದೆ ಸರಿಯಾದ ಕೋನದಲ್ಲಿ ನಿಲ್ಲುವ ಹಾಗೆ ಮಾಡುವುದು. ಈ ಕಾರಿನಲ್ಲಿ ಹಿಂದಿನ ಚಕ್ರಗಳನ್ನೂ ಅಡ್ಜಸ್ಟ್ ಮಾಡಬಹುದು, ಮಾಡಲೇಬೇಕು. ಎಷ್ಟೋ ಕಡೆ ಮುಂದಿನದು ಮಾತ್ರ ಸರಿ ಮಾಡಿ ಬಿಲ್ ಕೊಡುತ್ತಾರೆ. ಹಿಂದಿನ ಚಕ್ರ ಸ್ವಲ್ಪ ಸೊಟ್ಟಗಿದ್ದರೆ ಓಡಿಸುವವರಿಗೆ ಗೊತ್ತೇ ಆಗಲ್ಲ. ಟೈರ್ ಮಾತ್ರ ದಿನಾ ಒಂಚೂರು ಉಜ್ಜಿಕೊಂಡು ಹೋಗುತ್ತಿರುತ್ತದೆ.

ಇನ್ನೊಂದು ವಿಷಯ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಬರೆದಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ನಮ್ಮದರಲ್ಲಿ 4617 ಇತ್ತು. 2017ನೇ ಇಸವಿಯ 46ನೇ ವಾರ. ಆರು ವರ್ಷ ದಾಟಿತ್ತು. ಇನ್ನೂ 3 ಮಿಮೀ ಬಟನ್ ಉಳಿದಿತ್ತು, ಟೈರ್ ಬದಲಾಯಿಸಲೇಬೇಕಾದ 1.6 ಮಿಮೀ ಮಿತಿಗೆ ಬಂದಿರಲಿಲ್ಲ. ಆದರೆ ಉಗುರಿನಿಂದ ಒತ್ತಿದರೆ ರಬ್ಬರ್ ಒಂಚೂರೂ ಬಾಗುತ್ತಿರಲಿಲ್ಲ. ಗಟ್ಟಿಯಾದ ರಬ್ಬರ್ ಸದ್ದೂ ಮಾಡುತ್ತದೆ, ಮಳೆಯಲ್ಲಿ ಹಿಡಿತವನ್ನೂ ಬಿಡುತ್ತದೆ. ಶಿರಾಡಿ ಘಾಟಿ ಇಳಿಯುವವರಿಗೆ ಎರಡನೆಯದು ಮುಖ್ಯ.

ಸರಿ, ನಾಲ್ಕೂ ಬದಲಾಯಿಸೋಣ ಅಂತ ಹೊರಟೆವು. ನಮ್ಮ ಸೈಜ್ 215/55 ಆರ್17. ಅಂದರೆ 215 ಮಿಮೀ ಅಗಲ, ಅದರ 55 ಪರ್ಸೆಂಟ್ ಪಕ್ಕದ ಎತ್ತರ, 17 ಇಂಚಿನ ರಿಮ್. ಮೊದಲು ಹೋದ ಅಂಗಡಿಯಲ್ಲಿ ಆ ಸೈಜ್ ಇರಲಿಲ್ಲ. '225/50 ಹಾಕಿಸಿ ಮೇಡಂ. ಅಗಲ ಜಾಸ್ತಿ, ಗ್ರಿಪ್ ಜಾಸ್ತಿ, ನೋಡೋಕೂ ರಿಚ್ ಆಗಿರುತ್ತೆ.'

ನಾನು ಲೆಕ್ಕದವಳು, ಅಲ್ಲೇ ಫೋನ್ ತೆಗೆದು ಗುಣಿಸಿದೆ. 215ರಲ್ಲಿ 55 ಪರ್ಸೆಂಟ್ ಅಂದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಸುಮಾರು 118 ಮಿಮೀ ಎತ್ತರ. 225ರಲ್ಲಿ 50 ಪರ್ಸೆಂಟ್ ಅಂದರೆ 112.5. ಆರು ಮಿಮೀ ಹತ್ತಿರ ಕಡಿಮೆ. ನಮ್ಮ ಹಂಪ್ಸು, ಗುಂಡಿಗಳ ಏಟನ್ನು ಮೊದಲು ತಡೆದುಕೊಳ್ಳುವುದೇ ಆ ಸೈಡ್‌ವಾಲ್. ಗ್ರೌಂಡ್ ಕ್ಲಿಯರೆನ್ಸೂ ಅಷ್ಟೇ ಇಳಿಯುತ್ತದೆ. ನೋಡೋಕೆ ರಿಚ್ ಆಗಿರಬಹುದು, ಆದರೆ ಅಪ್ಪ ಕೂರುವುದು ಒಳಗಡೆ ಅಲ್ವಾ?

ಅದೇ ಅಂಗಡಿಯವರು ಆಮೇಲೆ ಗೋಡೌನ್‌ನಿಂದ ನಮ್ಮ ಸೈಜಿನದೇ ಎರಡು ತರಿಸಿದರು. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದರು. 2021ರ ಟೈರ್. 'ಪ್ಯಾಕ್ ಪೀಸ್ ಸರ್, ಬಿಸಿಲೇ ನೋಡಿಲ್ಲ.' ಅಪ್ಪ ನಕ್ಕು, 'ನಾನೂ ಪ್ಯಾಕ್ ಪೀಸೇ, ವಯಸ್ಸಾಗ್ಲಿಲ್ವೇನಪ್ಪಾ' ಅಂದು ಎದ್ದರು.

ಇಂಥ ಹಳೇ ಸ್ಟಾಕ್ ಸಿಗುವುದಕ್ಕೆ ಒಂದು ಹಿನ್ನೆಲೆ ಇದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿತು. ಜಾಸ್ತಿ ಓಡುವ ಸೈಜುಗಳಿಗೆ ತೊಂದರೆ ಕಡಿಮೆ. ನಮ್ಮ ಥರದ ಕಡಿಮೆ ಕಾರುಗಳಿಗೆ ಹೋಗುವ ಸೈಜು, ಅದರಲ್ಲೂ ಹೊರಗಿಂದ ಬರುವ ಮಾಡೆಲ್ಲು ಅಂದರೆ ಕಾಯಬೇಕು, ಇಲ್ಲ ಸಿಕ್ಕಿದ್ದನ್ನು ತಗೋಬೇಕು. ಅಪ್ಪನಿಗೆ ಮೈಸೂರಿನ ಟೈರೇ ಹಾಕಿಸುವ ಆಸೆ ಇತ್ತು. ನಾವು ಕೇಳಿದ ಎರಡು ಅಂಗಡಿಯಲ್ಲೂ ಆ ಸೈಜಿನದು ಇರಲಿಲ್ಲ. ಅಪ್ಪನ ಮುಖ ನೋಡೋಕಾಗಲಿಲ್ಲ.

ಕೊನೆಗೆ ಉಳಿದಿದ್ದು ಎರಡು. ಒಂದು ಯೊಕೊಹಾಮಾ ಅಡ್ವಾನ್ ಡಿಬಿ. ಡಿಬಿ ಅಂದರೆ ಡೆಸಿಬೆಲ್, ಸದ್ದು ಕಡಿಮೆ ಅನ್ನುವುದೇ ಅದರ ಹೆಸರು. ನನ್ನ ಗೆಳತಿಯ ಕ್ಯಾಮ್ರಿಯಲ್ಲಿ ಅದೇ ಇದೆ. ಅದರಲ್ಲಿ ಕೂತು ರಿಂಗ್ ರೋಡಿನಲ್ಲಿ ಒಂದು ಸುತ್ತು ಬಂದೆ, ನಿಜಕ್ಕೂ ಮನಸ್ಸು ಅಲ್ಲೇ ನಿಂತಿತ್ತು. ಆದರೆ ನಮ್ಮ ಸೈಜಿಗೆ ಮೂರು ವಾರ ಅಂದರು, ಮಳೆ ಬಾಗಿಲಿಗೆ ಬಂದಿತ್ತು. ಇನ್ನೊಂದು ಮಿಶೆಲಿನ್ ಪ್ರೈಮಸಿ 4 ಎಸ್‌ಟಿ. ಅದು 2024ರ 8ನೇ ವಾರದ್ದು, ಥಾಯ್ಲೆಂಡಿನ ಮಾಲು, ಎರಡು ದಿನದಲ್ಲಿ ಸಿಕ್ಕಿತು. ಒಂದಕ್ಕೆ 14,300 ರೂಪಾಯಿ. ನಾಲ್ಕಕ್ಕೆ 57,200. ಬರೆಯುವಾಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಹಾಕಿಸಿದ್ದು ಜೆಎಲ್‌ಬಿ ರಸ್ತೆಯ ಒಂದು ಹಳೇ ಅಂಗಡಿಯಲ್ಲಿ. ಅಲ್ಲಿನ ಹುಡುಗನ ಕೆಲಸ ನೋಡೋಕೆ ಚೆಂದ. ಟೈರಿನ ಮೇಲಿನ ಹಳದಿ ಚುಕ್ಕೆಯನ್ನು ಗಾಳಿ ತುಂಬುವ ವಾಲ್ವ್ ಪಕ್ಕಕ್ಕೇ ತಂದು ಕೂರಿಸಿದ. ಆ ಚುಕ್ಕೆ ಇರುವ ಕಡೆ ಟೈರ್ ಹಗುರ, ಬ್ಯಾಲೆನ್ಸಿಂಗ್‌ಗೆ ಸೀಸ ಕಡಿಮೆ ಸಾಕು. ಹೊರಗೆ ಬರಬೇಕಾದ ಮಗ್ಗುಲು ಹೊರಗೇ ಇದೆಯಾ ಅಂತ ನಾಲ್ಕಕ್ಕೂ ನೋಡಿದ. ಸ್ಕೋಡಾದಲ್ಲಿ ನಟ್ ಇಲ್ಲ, ಬೋಲ್ಟು. ಗನ್ನಿನಲ್ಲಿ ಟರ್ ಅನ್ನಿಸಿ ಬಿಡಲಿಲ್ಲ, ಎಷ್ಟು ಬಿಗಿ ಬೇಕೋ ಅಷ್ಟಕ್ಕೇ ನಿಲ್ಲಿಸಲು ಟಕ್ ಅನ್ನುವ ಟಾರ್ಕ್ ರೆಂಚ್ ತಂದು 120 ನ್ಯೂಟನ್ ಮೀಟರ್‌ಗೆ ಇಟ್ಟು ಒಂದೊಂದನ್ನೂ ಟಕ್ ಅನ್ನಿಸಿದ. ಅಪ್ಪ ಸ್ಟೂಲಿನಿಂದಲೇ ಇಪ್ಪತ್ತೂ ಟಕ್ ಎಣಿಸಿದರು. ನೈಟ್ರೋಜನ್ ಬೇಕಾ ಅಂತ ಕೇಳಿದ. ಸುಮ್ನೆ ಉಸಿರಾಡುವ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ, ಬೇಡ ಅಂದೆ. ಅಲೈನ್‌ಮೆಂಟ್ ಪ್ರಿಂಟ್‌ನಲ್ಲಿ ಹಿಂದಿನ ಎರಡೂ ಚಕ್ರ ಕೆಂಪಗಿತ್ತು, ಅಂದರೆ ಅಳತೆ ತಪ್ಪಿತ್ತು. ಒಂದು ಬೋಲ್ಟ್ ತುಕ್ಕು ಹಿಡಿದು ತಿರುಗಲೇ ಇಲ್ಲ, ಎಣ್ಣೆ ಬಿಟ್ಟು ಕಾಯಿಸಿ ಮುಕ್ಕಾಲು ಗಂಟೆ ಹೆಣಗಾಡಿದ. ಹಸಿರು ಬರುವ ತನಕ ಬಿಡಲಿಲ್ಲ. ಈ ಅಂಗಡಿಗೆ ಕಣ್ಣುಮುಚ್ಚಿ ಐದಕ್ಕೆ ಐದು ಕೊಡಬೇಕು ಅಂದುಕೊಂಡೆ.

ಮನೆಗೆ ಬರುವ ದಾರಿಯಲ್ಲೇ ಅರ್ಧ ಅಂಕ ಕಳೆದೆ. ಸದ್ದು ಹೋಗಿತ್ತು, ನಿಜ. ಆದರೆ ಹಂಪ್ಸ್ ಮೇಲೆ ಕಾರು ಚೆಂಡಿನ ಹಾಗೆ ಪುಟಿಯುತ್ತಿತ್ತು. ಐವತ್ತೇಳು ಸಾವಿರ ಕೊಟ್ಟು ಇದಾ ಅಂತ ಕಣ್ಣಲ್ಲಿ ನೀರೇ ಬಂತು. ಅಪ್ಪ, 'ಗಾಳಿ ಎಷ್ಟು ಹಾಕಿದಾನೆ ನೋಡು ಮೊದಲು' ಅಂದರು. ನೋಡಿದರೆ ನಾಲ್ಕಕ್ಕೂ 40 ಪಿಎಸ್‌ಐ! ಟೈರನ್ನು ರಿಮ್ಮಿಗೆ ಕೂರಿಸೋಕೆ ಜಾಸ್ತಿ ಹೊಡೆದವನು ಇಳಿಸೋದನ್ನು ಮರೆತಿದ್ದ. ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಅಂತ ಬರೆದಿರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಷ್ಟಕ್ಕೆ ಇಳಿಸಿದೆ. ಕಾರಿನ ಸ್ಕ್ರೀನಿನಲ್ಲಿ ಟೈರ್ ಪ್ರೆಶರ್ ಹೊಸದಾಗಿ ಸೆಟ್ ಮಾಡಿದೆ, ಇಲ್ಲದಿದ್ದರೆ ಅದು ಹಳೇ ಲೆಕ್ಕವನ್ನೇ ಹಿಡಿದು ಕೂರುತ್ತದೆ. ಅಷ್ಟರಲ್ಲೇ ಬೇರೆ ಕಾರಾಯಿತು.

ಈಗ 14,000 ಕಿಮೀ ಆಗಿದೆ. ಎಕ್ಸ್‌ಪ್ರೆಸ್‌ವೇಯಲ್ಲಿ 80ರಲ್ಲಿ, ಮದ್ದೂರಿನ ಹತ್ತಿರ ಒಂದೇ ಜಾಗದಲ್ಲಿ, ಒಂದೇ ಫೋನಿನಿಂದ ಸದ್ದು ಅಳೆದೆ. ಹಳೇ ಟೈರಿನಲ್ಲಿ 68 ಡೆಸಿಬೆಲ್ ತೋರಿಸಿದ್ದು 64 ಆಗಿತ್ತು. ಫೋನಿನ ಅಳತೆ, ಪೂರ್ತಿ ನಂಬಬೇಡಿ. ಆದರೆ ನಾನು ಮುಂದಿನಿಂದ ಮೆಲ್ಲಗೆ ಮಾತಾಡಿದರೂ ಅಪ್ಪನಿಗೆ ಕೇಳುತ್ತದೆ. ಮೊದಲು 'ಆಂ? ಆಂ?' ಅನ್ನುತ್ತಿದ್ದರು, ನಾನು ಕಿವಿ ಡಾಕ್ಟರ ಹತ್ತಿರ ಹೋಗೋಣ ಅನ್ನುತ್ತಿದ್ದೆ.

ಮಾರನಹಳ್ಳಿ ದಾಟಿ ಗುಂಡ್ಯದ ಕಡೆ ಇಳಿಯುವ ಕಾಂಕ್ರೀಟ್ ರಸ್ತೆಯಲ್ಲಿ ಮಾತ್ರ ಸದ್ದು ಇದ್ದೇ ಇದೆ. ಕಾಂಕ್ರೀಟ್ ಮೇಲೆ ಯಾವ ಟೈರೂ ಪೂರ್ತಿ ಸುಮ್ಮನಿರಲ್ಲ. ಆದರೆ ಜೂನ್ ಮಳೆಯಲ್ಲಿ ಅಲ್ಲೇ ಮುಂದಿನ ಲಾರಿ ಗಕ್ಕನೆ ನಿಂತಾಗ ನಾನೂ ಬ್ರೇಕ್ ಒತ್ತಿದೆ, ಕಾರು ನೇರಕ್ಕೆ ನಿಂತಿತು. ಹೋದ ವರ್ಷ ಇಂಥದ್ದೇ ಜಾಗದಲ್ಲಿ ಹಳೇ ಟೈರ್ ಹಿಡಿತ ಬಿಟ್ಟು ಬ್ರೇಕ್ ಪೆಡಲ್ ಕಾಲಡಿಯಲ್ಲಿ ಗಡಗಡ ಅಂದಿದ್ದು ನೆನಪಿತ್ತು. ಅಪ್ಪನಿಗೆ ಎಚ್ಚರವೂ ಆಗಲಿಲ್ಲ.

ಸ್ಟೇರಿಂಗ್ ಮೊದಲಿಗಿಂತ ಒಂಚೂರು ನಿಧಾನ ಅನ್ನಿಸುತ್ತದೆ, ಆರಾಮದ ಟೈರ್ ಅಂದಮೇಲೆ ಅಷ್ಟಿರಲಿ. ತಿರುವಿನಲ್ಲಿ ಮಜಾ ತಗೊಳ್ಳುವವರು ಬೇರೆ ನೋಡಿ. ಮೈಲೇಜಿನಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ.

ಒಂದು ಹೊಸ ತಲೆನೋವು ಶುರುವಾಗಿದೆ. ಟೈರ್ ಸದ್ದು ಹೋದಮೇಲೆ ಹಿಂದಿನ ಎಡಗಡೆ ಬಾಗಿಲಲ್ಲಿ ಏನೋ ಕಿರ್ ಕಿರ್ ಅನ್ನುವುದು ಅಪ್ಪನಿಗೆ ಕೇಳೋಕೆ ಶುರುವಾಗಿದೆ. ಹೋದ ಭಾನುವಾರ ಸ್ಟೂಲ್ ಮತ್ತೆ ಗೇಟಿನ ಹತ್ತಿರ ಬಂದಿತ್ತು.