ಪಾರ್ಕಿಗೆ ಬೇಕಾದ್ದನ್ನು ಕೇಳಲು ನಾಲ್ಕು ದಾರಿ: ನಮ್ಮ ಬಡಾವಣೆಯಲ್ಲಿ ಯಾವುದು ಫಲ ಕೊಟ್ಟಿತು

ನಮ್ಮ ಬಡಾವಣೆಯ ಪಾರ್ಕು ಹನ್ನೆರಡು ಗುಂಟೆ. ಕೊಡಗಿನಲ್ಲಿ ಸಮತಟ್ಟು ಜಾಗದಲ್ಲಿ ಮನೆ ಏಳುತ್ತದೆ, ಪಾರ್ಕಿಗೆ ಇಳಿಜಾರು ಉಳಿಯುತ್ತದೆ. ನಮ್ಮದೂ ಮೇಲಿನ ರಸ್ತೆಯಿಂದ ಕೆಳಗಿನ ರಸ್ತೆಗೆ ಒಂಬತ್ತು ಅಡಿ ಇಳಿಯುವ ಜಾಗ. ಮೇಲ್ತುದಿಯಲ್ಲಿ ಎರಡು ಸಿಲ್ವರ್ ಓಕ್, ನಡುವೆ ಒಂದು ನೇರಳೆ, ಅದರ ಬುಡದಲ್ಲಿ ತುಕ್ಕು ಹಿಡಿದ ಜಾರುಬಂಡಿ. 2019ರಿಂದ 2024ರವರೆಗೆ ಈ ಪಾರ್ಕನ್ನು ಸರಿಮಾಡಿಸಿಕೊಳ್ಳಲು ನಾಲ್ಕು ದಾರಿ ಹಿಡಿದೆವು. ವಾರ್ಡಿನ ಸದಸ್ಯರಿಗೆ ಬಾಯಿಮಾತಿನಲ್ಲಿ ಹೇಳಿದೆವು, ಮನೆ ಮನೆ ಸುತ್ತಿ ಸಹಿ ಹಾಕಿಸಿ ಮನವಿ ಕೊಟ್ಟೆವು, ನಾವೇ ಹಾರೆ ಹಿಡಿದು ಶ್ರಮದಾನ ಮಾಡಿದೆವು, ಕೊನೆಗೆ ಪಟ್ಟಣದ ಸ್ಥಳೀಯಾಡಳಿತ ಕರೆಯುವ ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ ಕುಳಿತೆವು. ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನಾವು ಕಳೆದುಕೊಂಡ ಎರಡು ಮಳೆಗಾಲವನ್ನು ಇನ್ನೊಂದು ಬಡಾವಣೆಯವರು ಕಳೆದುಕೊಳ್ಳಬಾರದು.

ಬಾಯಿಮಾತಿನದು ಎಲ್ಲಕ್ಕಿಂತ ಸುಲಭ. ಸಣ್ಣ ಪಟ್ಟಣದಲ್ಲಿ ಸದಸ್ಯರು ಸಂತೆಯಲ್ಲಿ ಸಿಗುತ್ತಾರೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೇ ಕೂರುತ್ತಾರೆ. ಹೇಳಿದರೆ ಕೇಳುತ್ತಾರೆ. ಗೇಟಿನ ಬಳಿಯ ದೀಪ ಹೋಗಿದೆ ಎಂದೆವು, ಐದೇ ದಿನದಲ್ಲಿ ಹೊಸ ಬಲ್ಬು ಬಂತು. ಕಾಲುದಾರಿ ಬೇಕು ಎಂದಾಗ ಮಾತ್ರ ಬಂದ ಉತ್ತರ, ‘ಮಳೆ ನಿಲ್ಲಲಿ, ಮಾಡುವ.’ ಕೊಡಗಿನಲ್ಲಿ ಆ ಉತ್ತರ ಜೂನ್‌ನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ಆಮೇಲೆ ದಸರಾ, ಪುತ್ತರಿ, ಕಾಫಿ ಕೊಯ್ಲು. ಮಾತು ಯಾವ ಕಡತದಲ್ಲೂ ಇಲ್ಲದ್ದರಿಂದ ಅದನ್ನು ಮತ್ತೆ ನೆನಪಿಸುವ ಹೊಣೆಯೂ ನಮ್ಮದೇ. ಹಣ ಮಂಜೂರಾಗದೆ ಮುಗಿಯುವ ಕೆಲಸಕ್ಕೆ, ಅಂದರೆ ಬಲ್ಬು, ಬೀಗ, ಮುರಿದ ಕೊಂಬೆಗೆ, ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅದರಾಚೆಗೆ ಇದನ್ನು ನಂಬಿ ಕೂರಬೇಡಿ.

ಎರಡನೆಯದು ಸಹಿ ಹಾಕಿದ ಮನವಿ. ಇದರ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ನಾವು ಹೆಚ್ಚು ಎಡವಿದ್ದು ಇಲ್ಲಿಯೇ.

ಎಂಬತ್ತಾರು ಸಹಿ, ಹದಿನಾಲ್ಕು ಬೇಡಿಕೆ. ಇಂಟರ್‌ಲಾಕ್ ಕಾಲುದಾರಿ, ಓಪನ್ ಜಿಮ್, ಬೆಂಚು, ಹೂವಿನ ಮಡಿ, ಕಾರಂಜಿ, ಹೆಸರಿನ ಕಮಾನು, ಹೀಗೆ. ಯಾರ ಮನಸ್ಸಿಗೂ ನೋವಾಗಬಾರದೆಂದು ಪ್ರತಿ ಮನೆಯವರು ಹೇಳಿದ್ದನ್ನೂ ಸೇರಿಸಿದ್ದೆವು. ಸ್ವೀಕೃತಿ ಸಂಖ್ಯೆ ಬರೆಸಿಕೊಂಡು ಖುಷಿಯಿಂದ ಮನೆಗೆ ಬಂದೆವು. ತಿಂಗಳುಗಟ್ಟಲೆ ಏನೂ ಇಲ್ಲ. ಆಮೇಲೆ ಒಂದು ಮೇ ತಿಂಗಳಲ್ಲಿ, ಮಳೆಗೆ ಮೂರು ವಾರ ಇರುವಾಗ, ಟ್ರಾಕ್ಟರಿನಲ್ಲಿ ಇಂಟರ್‌ಲಾಕ್ ಬಂದು ಬಿತ್ತು. ಹದಿನಾಲ್ಕು ಕೇಳಿದಾಗ ಯಾವುದನ್ನು ಆರಿಸಬೇಕೆಂಬ ನಿರ್ಧಾರ ನಮ್ಮ ಕೈ ಬಿಟ್ಟು ಹೋಗಿತ್ತು. ಅಂದಾಜುಪಟ್ಟಿ ಮಾಡಲು ಸುಲಭವಾದದ್ದು ಮೊದಲು ಬಂತು.

ಸಮತಟ್ಟು ನೆಲದಲ್ಲಿ ಇಂಟರ್‌ಲಾಕ್ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಅದು ಕುಳಿತಿರುವುದು ಮರಳಿನ ಹಾಸಿನ ಮೇಲೆ. ಇಳಿಜಾರಿನಲ್ಲಿ ನೀರು ಬ್ಲಾಕಿನ ಸಂದಿಯಿಂದ ಇಳಿದು ಅಡಿಯ ಮರಳನ್ನು ಕೆಳಕ್ಕೆ ಎಳೆಯುತ್ತದೆ, ಒಂದು ಬ್ಲಾಕು ಕುಸಿದರೆ ಪಕ್ಕದ್ದು ಸಡಿಲವಾಗುತ್ತದೆ. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈನಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲ. ಮರದ ನೆರಳಿನಲ್ಲಿರುವ ಸಿಮೆಂಟು ಬ್ಲಾಕಿನ ಮೇಲೆ ಹದಿನೈದು ದಿನಕ್ಕೆ ಹಸಿರು ಪಾಚಿ. ಆ ವರ್ಷ ಆಗಸ್ಟಿನಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ಅಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆ ದಾರಿ ಕೇಳಿದ ಕಾಗದದಲ್ಲಿ ನನ್ನ ಸಹಿಯೂ ಇತ್ತು. ಅದು ಈಗಲೂ ನನ್ನನ್ನು ಕಾಡುತ್ತದೆ.

ಮಾಹಿತಿ ಹಕ್ಕು ಅರ್ಜಿ ಹಾಕಿದ್ದು ಅದಾದ ಮೇಲೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ‘ಪಾರ್ಕು ಏಕೆ ಹಾಳಾಗಿದೆ’ ಎಂದು ಕೇಳಲಿಲ್ಲ, ಅಂದಾಜುಪಟ್ಟಿಯ ಮತ್ತು ಮುಗಿದ ಕೆಲಸವನ್ನು ಅಳೆದು ಬರೆಯುವ ಅಳತೆ ಪುಸ್ತಕದ ನಕಲು ಕೊಡಿ ಎಂದು ಕೇಳಿದೆವು. ಬಂದ ಪಟ್ಟಿಯಲ್ಲಿ ಕಾಲುದಾರಿಯ ಪಕ್ಕ ಚರಂಡಿಗೆ ಒಂದು ಸಾಲೂ ಇರಲಿಲ್ಲ. ನಮ್ಮ ಮನವಿಯಲ್ಲೂ ಇರಲಿಲ್ಲ. ಇಡೀ ಬಡಾವಣೆಯವರು ಸೇರಿ ಬರೆದ ಹದಿನಾಲ್ಕರಲ್ಲಿ ನೀರು ಎಲ್ಲಿ ಹರಿಯಬೇಕೆಂಬ ಮಾತೇ ಇಲ್ಲದ್ದು ಆಗ ಕಣ್ಣಿಗೆ ಬಿತ್ತು.

ಶ್ರಮದಾನ ಶುರುವಾದದ್ದು ಆ ಬೇಸರದಿಂದ. ಮೊದಲ ಭಾನುವಾರ ಮೂವತ್ತು ಜನ, ಎರಡನೆಯದಕ್ಕೆ ಹನ್ನೆರಡು, ನಾಲ್ಕನೆಯದಕ್ಕೆ ಐದು. ಮಳೆಗೆ ಮುಂಚೆ ಚರಂಡಿ ಬಿಡಿಸಲು, ಕಳೆ ಕೀಳಲು ಇದು ಸಾಕು. ಈಗಲೂ ಮೇ ಕೊನೆಯ ಭಾನುವಾರ ಅದನ್ನು ಮಾಡುತ್ತೇವೆ. ಆದರೆ ಅಧಿಕಾರವಿಲ್ಲದ ಕೈಗೆ ಮಿತಿ ಉಂಟು. ಒಣಗಿದ ಸಿಲ್ವರ್ ಓಕ್ ಒಂದನ್ನು ನಾವೇ ಉರುಳಿಸಿಬಿಡೋಣ ಎಂದು ಒಬ್ಬರು ಹೊರಟಾಗ ತಡೆಯಬೇಕಾಯಿತು. ಅದು ಸಾರ್ವಜನಿಕ ಜಾಗದ ಮರ, ಅನುಮತಿ ಇಲ್ಲದೆ ನಾವು ಕಡಿಯುವಂತಿಲ್ಲ.

ಶ್ರಮದಾನದಿಂದ ನಮಗೆ ಸಿಕ್ಕ ದೊಡ್ಡ ಲಾಭ ಬೇರೆ: ಕೇಳುವ ಮೊದಲು ಮಾಡಿ ನೋಡುವ ಅವಕಾಶ. ಕುಸಿದ ಬ್ಲಾಕುಗಳನ್ನು ತೆಗೆದ ಜಾಗದಲ್ಲಿ ಇಪ್ಪತ್ತಿಪ್ಪತ್ತು ಅಡಿಯ ಮೂರು ತುಂಡು ದಾರಿ ಮಾಡಿದೆವು. ಒಂದಕ್ಕೆ ಜಲ್ಲಿ, ಒಂದಕ್ಕೆ ಸೈಜುಗಲ್ಲಿನ ಮೆಟ್ಟಿಲು, ಒಂದಕ್ಕೆ ಪೊರಕೆ ಎಳೆದ ಕಾಂಕ್ರೀಟು. ಜಲ್ಲಿ ಮೊದಲ ಮಳೆಗೇ ಕೆಳಗಿನ ಬೇಲಿಗೆ ಹೋಗಿ ಸೇರಿತು. ಸೈಜುಗಲ್ಲು ಅಲುಗಲಿಲ್ಲ, ಒರಟು ಮೈಯಾದ್ದರಿಂದ ಕಾಲೂ ಜಾರಲಿಲ್ಲ. ಊರಿನಲ್ಲಿ ಕಲ್ಲು ಕಟ್ಟುವ ಕೈ ಇನ್ನೂ ಇವೆ, ಮುರಿದರೆ ಒಂದು ಕಲ್ಲು ಬದಲಿಸಿದರಾಯಿತು. ನನ್ನ ಮನಸ್ಸು ಪೂರ್ತಿ ಅದರ ಕಡೆಗಿತ್ತು. ಆದರೆ ಮೆಟ್ಟಿಲಿನ ಮೇಲೆ ಗಾಲಿಕುರ್ಚಿ ಹೋಗದು, ಮಗುವಿನ ತಳ್ಳುಗಾಡಿ ಹೋಗದು. ಕಾಂಕ್ರೀಟು ಹಸಿಯಿರುವಾಗಲೇ ಅಡ್ಡಕ್ಕೆ ಪೊರಕೆ ಎಳೆದರೆ ಸಣ್ಣ ಗೆರೆಗಳು ಉಳಿಯುತ್ತವೆ, ಕಾಲಿಗೆ ಹಿಡಿತ ಸಿಗುತ್ತದೆ. ಅದರ ಮೇಲೂ ಪಾಚಿ ಬಂತು, ಆದರೆ ತಡವಾಗಿ, ಉಜ್ಜಿದರೆ ಹೋಗುವಷ್ಟು. ಗಾಲಿಕುರ್ಚಿಗೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ಅಂಗೀಕೃತ ಲೆಕ್ಕ. ಒಂಬತ್ತು ಅಡಿಗೆ ನೂರೆಂಟು ಅಡಿ. ನೇರ ಹೋಗಲು ಜಾಗ ಸಾಲದು, ಘಟ್ಟದ ರಸ್ತೆಯ ಹಾಗೆ ಎರಡು ತಿರುವು ಕೊಡಬೇಕು. ಈ ಲೆಕ್ಕ ಹಾಕಿದ್ದು ಡಿಪ್ಲೊಮಾ ಓದುವ ಬಡಾವಣೆಯ ಹುಡುಗ, ಅಳತೆ ಪಟ್ಟಿ ಹಿಡಿದದ್ದು ಅವನ ಅಜ್ಜಿ.

ಅದೇ ಹೊತ್ತಿಗೆ ಇನ್ನೊಂದು ಕೆಲಸವನ್ನೂ ಮಾಡಿದೆವು, ಅದನ್ನು ಮೊದಲೇ ಮಾಡಬೇಕಿತ್ತು. ಒಂದು ವಾರ ಸರದಿಯಲ್ಲಿ ಕುಳಿತು ಪಾರ್ಕಿಗೆ ಯಾರು ಬರುತ್ತಾರೆಂದು ಎಣಿಸಿದೆವು. ಬೆಳಿಗ್ಗೆ ನಡೆಯಲು ಬರುವವರು ಹತ್ತು ಹದಿನೈದು ಜನ, ಅವರೆಲ್ಲ ಮನವಿಗೆ ಸಹಿ ಹಾಕಿದವರು. ಸಂಜೆ ಮೂವತ್ತರಷ್ಟು ಮಕ್ಕಳು, ಹೆಚ್ಚಿನವರು ಕೆಳಗಿನ ರಸ್ತೆಯಾಚೆ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು. ಅವರ ಮನೆಯ ಒಂದು ಸಹಿಯೂ ನಮ್ಮ ಕಾಗದದಲ್ಲಿರಲಿಲ್ಲ. ನಮ್ಮ ಬೀದಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಎಲ್ಲ ಉಂಟು, ಎಲ್ಲರ ಬಾಗಿಲಿಗೂ ಹೋಗಿದ್ದೆವು. ರಸ್ತೆ ದಾಟಿ ಮಾತ್ರ ಹೋಗಿರಲಿಲ್ಲ. ಹೋಗಿ ಕೇಳಿದಾಗ ಅಲ್ಲಿನ ತಾಯಂದಿರು ಹೇಳಿದ್ದು ಎರಡೇ ಮಾತು: ಕೆಳಗಡೆ ಒಂದು ಗೇಟು, ಕುಡಿಯಲು ಒಂದು ನಲ್ಲಿ. ಮಕ್ಕಳು ಅಷ್ಟು ದಿನವೂ ಬೇಲಿಯ ತೂತಿನಲ್ಲಿ ನುಸುಳಿ ಬರುತ್ತಿದ್ದರು. ಹದಿನಾಲ್ಕು ಬೇಡಿಕೆಯಲ್ಲಿ ಕಾರಂಜಿ ಇತ್ತು, ನಲ್ಲಿ ಇರಲಿಲ್ಲ.

ಯುವಕರಿಗೆ ಶಟಲ್ ಕೋರ್ಟ್ ಬೇಕಿತ್ತು, ಇಳಿಜಾರನ್ನು ಜೆಸಿಬಿಯಲ್ಲಿ ಸಮ ಮಾಡಿಸೋಣ ಎಂದರು. ನಾನು ಗಟ್ಟಿಯಾಗಿ ಬೇಡ ಎಂದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಮನೆಗಳ ಮೇಲೆ ಇಳಿದದ್ದನ್ನು ಕಂಡವರು ಮೇಲೆ ಮನೆಗಳಿರುವ ಇಳಿಜಾರಿನ ಬುಡವನ್ನು ಕಡಿಸಲು ಒಪ್ಪಲಾರರು. ಆದರೆ ಅವರ ಆಸೆ ನ್ಯಾಯದ್ದೇ. ಡಬಲ್ಸ್ ಕೋರ್ಟಿಗೆ 44 ಅಡಿ ಉದ್ದ, 20 ಅಡಿ ಅಗಲ ಸಾಕು. ಕೆಳಗಿನ ಅಂಚಿನಲ್ಲಿ ಹೆಚ್ಚುಕಡಿಮೆ ಸಮವಾಗಿದ್ದ ಅಷ್ಟು ಜಾಗ ಅಳೆದಾಗ ಸಿಕ್ಕಿತು. ಜೆಸಿಬಿಯ ಮಾತು ಅಲ್ಲಿಗೆ ನಿಂತಿತು.

ನಾಲ್ಕನೆಯ ದಾರಿ, ಬಜೆಟ್ ಪೂರ್ವಭಾವಿ ಸಭೆ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಲ್ಲಿ ಕೊಡಗಿನ ಅತಿ ದೊಡ್ಡ ಪಟ್ಟಣ ಮಡಿಕೇರಿಯಲ್ಲೇ ಇದ್ದದ್ದು 33 ಸಾವಿರದ ಆಸುಪಾಸು ಜನ. ಹಾಗಾಗಿ ನಮ್ಮಂಥ ಊರುಗಳಲ್ಲಿ ಸಾಮಾನ್ಯರು ಎದ್ದು ನಿಂತು ಮಾತಾಡಲು ಇರುವ ದೊಡ್ಡ ಬಾಗಿಲು ಈ ಸಭೆಯೇ. ಏಪ್ರಿಲ್‌ನಿಂದ ಶುರುವಾಗುವ ವರ್ಷದ ಆಯವ್ಯಯಕ್ಕೆ ಸಲಹೆ ಕೇಳುವ ಸಭೆ ಚಳಿಗಾಲದಲ್ಲೇ ನಡೆಯುತ್ತದೆ. ಪ್ರಕಟಣೆ ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬರುತ್ತದೆ, ಕಣ್ಣಿಟ್ಟಿರಬೇಕು. 2023ರ ಜನವರಿಯಲ್ಲಿ ನಾವು ನಾಲ್ವರು ಹೋದೆವು. ಅವರಲ್ಲಿ ಒಬ್ಬರು ಲೈನ್ ಮನೆಯ ತಾಯಿ, ದಿನದ ಕೂಲಿ ಬಿಟ್ಟು ಬಂದಿದ್ದರು. ಈ ಸಲ ಒಂದೇ ಹಾಳೆ: ಅಳತೆ ಹಾಕಿದ ನಕ್ಷೆ, ಎರಡು ತಿರುವಿನ ಕಾಂಕ್ರೀಟು ದಾರಿ, ಅದರ ಬದಿಗೆ ಚರಂಡಿ, ಕೆಳಗಿನ ಗೇಟು, ನಲ್ಲಿ. ಜೊತೆಗೆ ನಮ್ಮ ಮೂರು ತುಂಡು ದಾರಿಯ ಜೂನ್ ಮತ್ತು ಆಗಸ್ಟ್ ತಿಂಗಳ ಫೋಟೊ. ಅವುಗಳನ್ನು ನೋಡಿದ ಇಂಜಿನಿಯರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕುಳಿತರು. ಮನವಿ ಕೊಟ್ಟ ದಿನ ನಮಗೆ ಸಿಗದಿದ್ದ ಗಮನ ಅದು.

ಅದೇ ಸಭೆಯಲ್ಲಿ ಪಾರ್ಕಿನ ಮೇಲ್ತುದಿಯಲ್ಲಿ ಒಂದು ಸಭಾಭವನ ಕಟ್ಟಿಸಬಹುದಲ್ಲ ಎಂಬ ಮಾತೂ ಬಂತು. ಪಾರ್ಕು, ಆಟದ ಮೈದಾನಗಳ ರಕ್ಷಣೆಗೆ 1985ರಲ್ಲೇ ರಾಜ್ಯದ ಕಾಯ್ದೆ ಇದೆ, ಪಟ್ಟಿಗೆ ಸೇರಿದ ಪಾರ್ಕನ್ನು ಪೂರ್ವಾನುಮತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ ಎಂದು ನೆನಪಿಸಿದೆವು. ನಾವು ಅಲ್ಲಿ ಇಲ್ಲದಿದ್ದರೆ ಆ ಮಾತು ಹಾಗೆಯೇ ದಾಖಲಾಗುತ್ತಿತ್ತೇನೋ.

ಈ ದಾರಿ ನಿಧಾನ, ಅದನ್ನು ಮುಚ್ಚಿಡುವುದಿಲ್ಲ. ಜನವರಿಯಲ್ಲಿ ಹೇಳಿದ್ದು ಬಜೆಟ್ಟಿಗೆ ಬಂದು, ಟೆಂಡರು ಆಗಿ, ಮಳೆ ಕಳೆದು, ಕೆಲಸ ಮುಗಿದದ್ದು 2024ರ ಫೆಬ್ರುವರಿಯಲ್ಲಿ. ಹದಿಮೂರು ತಿಂಗಳು. ಆದರೆ ಕಾಂಕ್ರೀಟು ಬಿದ್ದದ್ದು ಬಿಸಿಲಿನಲ್ಲಿ, ನೀರುಣಿಸಿ ಹದ ಬರಿಸಲು ಸಮಯವಿತ್ತು, ಮಳೆ ಬರುವಷ್ಟರಲ್ಲಿ ಗಟ್ಟಿಯಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಬಂದದ್ದು ನಾವು ಕೇಳಿದ್ದೇ. ನೂರೆಂಟು ಅಡಿ ದಾರಿಯ ಬದಿಗೆ ನೂರೆಂಟು ಅಡಿ ಚರಂಡಿ.

ಪಂಚಾಯಿತಿ ವ್ಯಾಪ್ತಿಯವರಿಗೆ ಒಂದು ಮಾತು. ದಕ್ಷಿಣ ಕೊಡಗಿನಲ್ಲಿರುವ ನನ್ನ ಅಕ್ಕನ ಜೊತೆ ಅವಳ ಊರಿನ ಗ್ರಾಮಸಭೆಗೆ ಹೋಗಿದ್ದೆ. ಅಲ್ಲಿಯವರ ದಾರಿ ನಮ್ಮದಕ್ಕಿಂತ ಹತ್ತಿರ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು, ಅದಕ್ಕೂ ಮುಂಚೆ ವಾರ್ಡ್ ಸಭೆ. ಶಾಲೆಯ ಪಕ್ಕದ ಆಟದ ಜಾಗದ ವಿಷಯವನ್ನು ಅಕ್ಕ ಎದ್ದು ಹೇಳಿದಳು, ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಕುಳಿತಳು. ಬರೆಸದೆ ಕೂರಬಾರದು ಎನ್ನುವುದು ಅವಳ ಹಟ. ನನಗೆ ಅದು ಬಹಳ ಹಿಡಿಸಿತು.

ಹೊಸ ಬಡಾವಣೆಯವರು ನನ್ನನ್ನು ಕೇಳಿದರೆ ಹೇಳುವುದು ಇಷ್ಟೆ: ಬಲ್ಬಿಗೆ ಬಾಯಿಮಾತು, ಚರಂಡಿ ಬಿಡಿಸಲು ನಿಮ್ಮದೇ ಕೈ, ದಾಖಲೆಗೆ ಹತ್ತು ರೂಪಾಯಿಯ ಅರ್ಜಿ, ಹೊಸದಾಗಿ ಏನಾದರೂ ಕಟ್ಟಬೇಕಿದ್ದರೆ ಚಳಿಗಾಲದ ಸಭೆ. ಸಹಿಯ ಮನವಿಯನ್ನು ನಾನು ಮತ್ತೆ ಬಳಸುವುದಾದರೆ ಒಂದೇ ಬೇಡಿಕೆಗೆ, ನಕ್ಷೆಯ ಹಿಂದೆ ಲಗತ್ತಿಸಲು ಮಾತ್ರ.

ಮುಂದಿನ ಸಭೆಗೆ ಹಾಳೆ ಸಿದ್ಧವಾಗುತ್ತಿದೆ. ಕೇಳುತ್ತಿರುವುದು ನೇರಳೆ ಮರದ ಬದಿಗೆ ಒಂದು ಮಾಡು, ಅಂದರೆ ಚಾವಣಿ ಹಾಕಿದ ತಂಗುದಾಣ, ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಗಾಳಿಮಳೆ ಹೊಡೆಯುವ ಪಡುವಣ ಬದಿಗೆ ಗೋಡೆ. ಜುಲೈ ತಿಂಗಳಲ್ಲಿ ಹಿರಿಯರು ಮನೆಯಿಂದ ಹೊರಬಂದು ಅರ್ಧ ಗಂಟೆ ಕೂರಲು ನಮ್ಮ ಊರಿನಲ್ಲಿ ಒಂದು ಒಣ ಜಾಗ ಇಲ್ಲ. ಮಣಿಕಟ್ಟು ಮುರಿದುಕೊಂಡ ಹಿರಿಯರೇ ಮೊನ್ನೆ ಕೊಡೆ ಹಿಡಿದು ನಿಂತು, ಎರಚಲು ಯಾವ ಕಡೆಯಿಂದ ಬರುತ್ತದೆಂದು ನೋಡಿ, ಗೋಡೆ ಎಲ್ಲಿ ಬರಬೇಕೆಂದು ಗೂಟ ಹೊಡೆಸಿದರು.