ಸೀಸದ ಗುಂಡಿಗೆ ಯಾವ ಮೇಣ? ಪ್ಯಾರಾಫಿನ್, ಜೇನುಮೇಣ, ಫ್ಲೋರ್ ವ್ಯಾಕ್ಸ್

ಅಮೆರಿಕದಲ್ಲಿ ರೇಂಜಿಗೆ ಹೋಗಿ ಗುರಿ ಅಭ್ಯಾಸ ಮಾಡುವ ಎಷ್ಟೋ ಜನ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ದುಕೊಳ್ಳುತ್ತಾರೆ. ಟೆಕ್ಸಾಸ್‌ನಲ್ಲಿರುವ ನನಗೂ ಆ ಹುಚ್ಚು ಹಿಡಿದಿದೆ. ಸ್ವಂತ ಬಳಕೆಗಾದರೆ ಇಲ್ಲಿ ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರುವುದಾದರೆ ಬೇಕು. ಊರಲ್ಲಿ ಕೂತು ಓದುವವರು ಮಾತ್ರ ಇದನ್ನು ಸುಮ್ನೆ ಕುತೂಹಲಕ್ಕೆ ಓದಿಕೊಳ್ಳಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಅಪರಾಧ. ಕೊಡಗಿನವರಿಗೆ ಇರುವ ವಿನಾಯಿತಿಯೂ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ಗುಂಡು ತಯಾರಿಸುವುದಕ್ಕಲ್ಲ.

ಮೇಣ ಯಾಕೆ ಬೇಕು? ಅಂಗಡಿಯ ಗುಂಡಿಗೆ ಸಾಮಾನ್ಯವಾಗಿ ತಾಮ್ರದ ಹೊದಿಕೆ ಇರುತ್ತದೆ. ನಮ್ಮದು ಬರೀ ಸೀಸ, ಮೆತ್ತಗಿನದು. ನಳಿಗೆಯಲ್ಲಿ ಉಜ್ಜಿಕೊಂಡು, ಬಿಸಿ ಅನಿಲ ತಾಗಿ, ಸೀಸ ಅಲ್ಲೇ ಮೆತ್ತಿಕೊಳ್ಳುತ್ತದೆ. ಇದಕ್ಕೆ ಇಲ್ಲಿ ಲೆಡ್ಡಿಂಗ್ ಅನ್ನುತ್ತಾರೆ. ಗುರಿ ಕೆಡುತ್ತದೆ, ಆಮೇಲೆ ಅದನ್ನು ಕೆರೆದು ತೆಗೆಯುವುದು ದೊಡ್ಡ ಕರ್ಮ. ಅದಕ್ಕೇ ಗುಂಡಿನ ಸುತ್ತ ಇರುವ ಗೀರಿಗೆ ಮೇಣ ತುಂಬುತ್ತಾರೆ.

ನಾನು ಹೋಲಿಸಿದ್ದು .38 ಸ್ಪೆಷಲ್ ಅನ್ನುವ ತೋಟಾ ಹಾಕುವ ರಿವಾಲ್ವರಿನಲ್ಲಿ. ಕಾರಿನ ಚಕ್ರಕ್ಕೆ ಹಾಕುವ ಹಳೆಯ ಸೀಸದ ತೂಕಗಳನ್ನು ಕರಗಿಸಿ ಹೊಯ್ದ 158 ಗ್ರೇನ್ ಗುಂಡು, ಅಂದರೆ ಸುಮಾರು 10 ಗ್ರಾಂ. ಎಲ್ಲಕ್ಕೂ ಒಂದೇ ಅಚ್ಚು, ಒಂದೇ ಮದ್ದು, ಕಡಿಮೆ ವೇಗ. ಬದಲಾಗಿದ್ದು ಮೇಣ ಮಾತ್ರ.

ಮೊದಲು ಪ್ಯಾರಾಫಿನ್. ಜ್ಯಾಮ್ ಬಾಟಲಿಯ ಬಾಯಿ ಮುಚ್ಚಲು ದಿನಸಿ ಅಂಗಡಿಯಲ್ಲಿ ಗಲ್ಫ್ ವ್ಯಾಕ್ಸ್ ಅಂತ ಸಿಗುತ್ತದಲ್ಲ, ಅದೇ. ಬಹಳ ಅಗ್ಗ. ಆದರೆ ಗಡುಸು, ತಣ್ಣಗಾದಾಗ ಕುಗ್ಗುತ್ತದೆ. ಗುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಗೀರಿನಿಂದ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ನಳಿಗೆಯ ಮುಂದಿನ ಅರ್ಧದಲ್ಲಿ ಸೀಸ ಕೂತಿತ್ತು. ಬಾಯಿಯವರೆಗೆ ಜಾರಿಕೆ ಸಾಕಾಗಿಲ್ಲ ಅಂತ ಅರ್ಥ. ಒಂಟಿಯಾಗಿ ಇದು ಬೇಡವೇ ಬೇಡ.

ಅದನ್ನು ಮೆತ್ತಗೆ ಮಾಡಲು ಇಲ್ಲಿನವರು ಕಂಡುಕೊಂಡ ಉಪಾಯ ಕೇಳಿದರೆ ನಗು ಬರುತ್ತದೆ. ಕಮೋಡ್ ಕೂರಿಸುವಾಗ ಅಡಿಗೆ ಇಡುವ ಮೇಣದ ಬಳೆ! ಅದು ಪೆಟ್ರೋಲಿಯಂ ಮೇಣ, ಒಳ್ಳೆ ಜಿಗುಟು. ಪ್ಯಾರಾಫಿನ್ ಜೊತೆ ಕರಗಿಸಿದರೆ ಗೀರಿಗೆ ಕಚ್ಚಿಕೊಂಡು ಕೂರುತ್ತದೆ. ಕೆಲಸ ಪರವಾಗಿಲ್ಲ. ಹೊಸ ಡಬ್ಬಿಯಿಂದಲೇ ತೆಗೆದದ್ದು ಅಂತ ಮನೆಯಲ್ಲಿ ಆಣೆ ಮಾಡಿ ಹೇಳಬೇಕಾಯಿತು.

ನನಗೆ ಹಿಡಿಸಿದ್ದು ಜೇನುಮೇಣ. ಇದು ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮನೆಯಲ್ಲಿ ಸಿಗುವ ಪ್ಯಾರಾಫಿನ್‌ಗಿಂತ ತುಸು ಜಾಸ್ತಿ. ಬಾಗುತ್ತದೆ, ಒಡೆಯುವುದಿಲ್ಲ. ಕಪ್ಪು ಮದ್ದಿನ ಕಾಲದಿಂದಲೂ ಇದಕ್ಕೆ ಕುರಿ ಕೊಬ್ಬು ಬೆರೆಸಿ ಬಳಸಿದವರಿದ್ದಾರೆ. ನಾನು ಕೊಬ್ಬಿನ ಬದಲು ವ್ಯಾಸಲಿನ್ ಹಾಕುತ್ತೇನೆ, ಮೇಣಕ್ಕಿಂತ ಕಡಿಮೆ ಪಾಲು. ತಟ್ಟೆಯಲ್ಲಿ ಗುಂಡುಗಳನ್ನು ನಿಲ್ಲಿಸಿ, ಗೀರು ಮುಳುಗುವಷ್ಟು ಕರಗಿದ ಮೇಣ ಸುರಿದು, ಗಟ್ಟಿಯಾದ ಮೇಲೆ ಒಂದೊಂದಾಗಿ ಬಿಡಿಸಬೇಕು. ತಾಳ್ಮೆ ಬೇಡುವ ಕೆಲಸ, ಕೈಯೆಲ್ಲ ಅಂಟಂಟು. ಆದರೆ ನಳಿಗೆ ಮಾತ್ರ ಲಕಲಕ. ಬಟ್ಟೆ ಒಂದೆರಡು ಸಲ ಆಡಿಸಿದರೆ ಸಾಕು. ವಾಸನೆಯೂ ಚೆನ್ನಾಗಿರುತ್ತದೆ, ಅದು ಬೋನಸ್.

ಇಲ್ಲಿನ ಸೆಕೆಯೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ತೋಟಾ ಬಿಟ್ಟರೆ, ಎಣ್ಣೆಯಂಶ ಜಾಸ್ತಿ ಇರುವ ಮೇಣ ಜಿನುಗಿ ಒಳಗಿನ ಮದ್ದಿಗೆ ಸೇರಬಹುದು. ವ್ಯಾಸಲಿನ್ ಕೈ ಬಿಗಿಹಿಡಿದು ಹಾಕಿ ಅನ್ನುವುದು ಇದಕ್ಕೇ.

ಇನ್ನು ಫ್ಲೋರ್ ವ್ಯಾಕ್ಸ್, ಅಂದರೆ ನೆಲಕ್ಕೆ ಹೊಳಪು ಕೊಡುವ ಮೇಣ. ಜಾನ್ಸನ್ ಪೇಸ್ಟ್ ವ್ಯಾಕ್ಸ್ ಅನ್ನುವ ಹಳದಿ ಡಬ್ಬಿ ಇಲ್ಲಿ ಮನೆಮಾತು. ಕಂಪನಿ ಅದರ ತಯಾರಿಕೆ ನಿಲ್ಲಿಸಿದ ಮೇಲೆ ಹಳೆ ಡಬ್ಬಿಗೂ ಬೆಲೆ ಬಂತು. ಕಾರ್ನೌಬಾ (ಒಂದು ಜಾತಿಯ ತಾಳೆ ಎಲೆಯ) ಮೇಣ ಇರುವ ಬೇರೆ ಪೇಸ್ಟ್ ಸಿಕ್ಕರೂ ನಡೆಯುತ್ತದೆ. ಇದನ್ನು ಒಂಟಿಯಾಗಿ ಹಚ್ಚುವುದಿಲ್ಲ. ಲೀ ಕಂಪನಿಯ ಲಿಕ್ವಿಡ್ ಅಲಾಕ್ಸ್ (ಗುಂಡಿಗೆ ಜಾರಿಕೆ ಕೊಡುವ ದ್ರವ) 45 ಪಾಲು, ಪೇಸ್ಟ್ 45, ಮಿನರಲ್ ಸ್ಪಿರಿಟ್ಸ್ (ಪೇಂಟ್ ತೆಳುವಾಗಿಸುವ ದ್ರಾವಕ) 10, ಇದು ಇಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಗುಂಡುಗಳನ್ನು ಡಬ್ಬಿಗೆ ಹಾಕಿ, ನಾಲ್ಕು ಹನಿ ಬಿಟ್ಟು, ಕುಲುಕಿ, ರಾತ್ರಿ ಒಣಗಲು ಬಿಟ್ಟರೆ ಮುಗಿಯಿತು. ಬರೀ ಅಲಾಕ್ಸ್ ಹಚ್ಚಿದರೆ ದಿನಗಟ್ಟಲೆ ಅಂಟುತ್ತದೆ. ಪೇಸ್ಟ್ ಸೇರಿದರೆ ಒಣಗುತ್ತದೆ. ಹೊಗೆ ಜೇನುಮೇಣಕ್ಕಿಂತ ಜಾಸ್ತಿ, ನಳಿಗೆ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಸ್ವಚ್ಛ. ನೂರಾರು ಗುಂಡು ಒಟ್ಟಿಗೆ ಮಾಡುವಾಗ ನಾನು ಇದಕ್ಕೇ ಕೈ ಹಾಕುವುದು.

ಇಷ್ಟೆಲ್ಲ ಹೇಳಿದರೂ, ಮೇಣಕ್ಕಿಂತ ಮುಖ್ಯ ಗುಂಡಿನ ಅಳತೆ. ನನ್ನ ರಿವಾಲ್ವರಿಗೆ 0.358 ಇಂಚು ವ್ಯಾಸದ ಗುಂಡು ಬೇಕು. ಅದಕ್ಕಿಂತ ಸಣ್ಣದಾದರೆ ಪಕ್ಕದಿಂದ ಅನಿಲ ನುಗ್ಗಿ ಸೀಸವನ್ನು ಕೊರೆಯುತ್ತದೆ, ಆಗ ಯಾವ ಮೇಣವೂ ಕಾಪಾಡುವುದಿಲ್ಲ. ಅಳತೆ ನೋಡದೆ ದುಬಾರಿ ಮೇಣ ಹುಡುಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ಅಳತೆ ಸರಿ ಇದ್ದಾಗ ಕಮೋಡ್ ಮೇಣಕ್ಕೂ ಜೇನುಮೇಣಕ್ಕೂ ಗುರಿಹಲಗೆಯ ಮೇಲೆ ನನಗೆ ವ್ಯತ್ಯಾಸವೇ ಕಾಣಲಿಲ್ಲ. ವ್ಯತ್ಯಾಸ ಇದ್ದಿದ್ದು ಕೊಳೆ, ಹೊಗೆ, ಹಚ್ಚುವ ಶ್ರಮ ಇವುಗಳಲ್ಲಿ.

ಮೇಣವನ್ನು ನೇರ ಉರಿಯ ಮೇಲೆ ಕರಗಿಸಬೇಡಿ. ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಹೊತ್ತಿಕೊಂಡರೆ ನೀರು ಸುರಿಯಬಾರದು, ಮುಚ್ಚಳ ಮುಚ್ಚಿ. ಮಿನರಲ್ ಸ್ಪಿರಿಟ್ಸ್ ಇರುವ ಮಿಶ್ರಣದ ಹತ್ತಿರ ಕಿಡಿಯೂ ಬೇಡ. ಸೀಸ ಮುಟ್ಟಿದ ಪಾತ್ರೆ ಮತ್ತೆ ಅಡುಗೆಮನೆಗೆ ಬರಕೂಡದು. ಕೈ ಸೋಪು ಹಾಕಿ ತೊಳೆಯಿರಿ.

ಈ ಮಾತುಗಳನ್ನು 9 ಎಂಎಂ ಪಿಸ್ತೂಲಿಗೆ ಹಾಗೇ ಅನ್ವಯಿಸಬೇಡಿ. .38 ಸ್ಪೆಷಲ್‌ನ ಗರಿಷ್ಠ ಒತ್ತಡ 17,000 ಪಿಎಸ್ಐ (ಚದರ ಇಂಚಿಗೆ ಪೌಂಡ್), 9 ಎಂಎಂನದು 35,000. ಅದಕ್ಕೆ ನಾನು ಮೇಣ ಬಿಟ್ಟು ಪೌಡರ್ ಕೋಟಿಂಗ್ ಮಾಡುತ್ತೇನೆ. ಬಣ್ಣದ ಪುಡಿಯಲ್ಲಿ ಗುಂಡು ಕುಲುಕಿ, ಹಳೆಯ ಟೋಸ್ಟರ್ ಅವನ್‌ನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸಿದರೆ ಆಯಿತು. ಆ ಅವನ್‌ನಲ್ಲಿ ಮತ್ತೆ ಬ್ರೆಡ್ ಬಿಸಿ ಮಾಡುವಂತಿಲ್ಲ.