ಒಂದು ಟ್ರಂಬೋನ್, ಮೂರು ಲೀಡ್‌ಪೈಪ್: ಕೆಜಿಎಫ್‌ನಿಂದ ಬಳಕೆದಾರರ ವಿಮರ್ಶೆ

ಟ್ರಂಬೋನ್‌ಗೆ (ಸ್ಲೈಡ್ ಎಳೆದು ಸ್ವರ ಬದಲಿಸುವ ಹಿತ್ತಾಳೆಯ ಊದುವ ವಾದ್ಯ) ಲೀಡ್‌ಪೈಪ್, ಅಂದರೆ ಮೌತ್‌ಪೀಸ್ ಕೂರುವ ಚಿಕ್ಕ ಕೊಳವೆ, ಆರಿಸುವುದಾದರೆ ಕಾರ್ಯಕ್ರಮದ ಕೊನೆಯ ಅರ್ಧ ಗಂಟೆಯಲ್ಲಿ ಆರಿಸಿ. ಅಂಗಡಿಯಲ್ಲಿ ಐದು ನಿಮಿಷ ಊದಿದರೆ ಎಲ್ಲ ಪೈಪೂ ಚೆನ್ನಾಗಿಯೇ ಇರುತ್ತದೆ. ತುಟಿ ಸೋತ ಮೇಲೆ ಯಾವುದು ಕೈ ಹಿಡಿಯುತ್ತದೆ ಅನ್ನೋದೇ ಮುಖ್ಯ. ಕೆಲವು ವರ್ಷ ಮೂರನ್ನೂ ಬದಲಿಸಿ ಊದಿದ ಮೇಲೆ ನನಗೆ ಗಟ್ಟಿಯಾಗಿ ಉಳಿದಿರುವ ಅಭಿಪ್ರಾಯ ಇದೊಂದೇ.

ನನ್ನದು 0.508 ಇಂಚು ಬೋರ್ (ಕೊಳವೆಯ ಒಳ ಅಗಲ), 8 ಇಂಚು ಬೆಲ್ (ಮುಂದಿನ ಅಗಲ ಬಾಯಿ) ಇರುವ ಟೆನರ್ ಟ್ರಂಬೋನ್. ಕಿಂಗ್ 3ಬಿ ಅನ್ನುವ ಟ್ರಂಬೋನ್ ಮಾದರಿ ನೋಡಿರುವವರಿಗೆ ಅಳತೆ ತಕ್ಷಣ ಗೊತ್ತಾಗುತ್ತದೆ, ಅದೂ ಇಷ್ಟೇ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ಪೆಟ್ಟಿಗೆಯಲ್ಲಿ 1, 2, 3 ಅಂತ ಗುರುತು ಹಾಕಿದ ಮೂರು ಹಳದಿ ಹಿತ್ತಾಳೆಯ ಪೈಪ್ ಇದ್ದವು. ನನ್ನ ಸೆಟ್‌ನಲ್ಲಿ ಊದಲು 1 ಎಲ್ಲಕ್ಕಿಂತ ಬಿಗಿ (ತಡೆ ಜಾಸ್ತಿ), 3 ಎಲ್ಲಕ್ಕಿಂತ ಸಡಿಲ. ಬೇರೆ ಕಂಪನಿಯ ನಂಬರ್‌ಗೆ ಬೇರೆ ಅರ್ಥ ಇರಬಹುದು, ನಂಬರ್ ನೋಡಿ ಆರ್ಡರ್ ಮಾಡಬೇಡಿ.

ಬಳಕೆ ಎರಡು ತರಹ. ಮದುವೆ ಸೀಸನ್‌ನಲ್ಲಿ ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆ ಬ್ಯಾಂಡ್ ಸೆಟ್. ಉಳಿದ ದಿನ ಬೆಂಗಳೂರಿನಲ್ಲಿ ಐದು ಜನರ ಜಾಝ್ ಗುಂಪು. ಮಾರಿಕುಪ್ಪಂ ರೈಲಿನಲ್ಲಿ ಕೇಸ್ ಹಿಡಿದು ಹೋಗಿ ಬರುವುದು. "ಕೆಜಿಎಫ್‌ನಲ್ಲಿ ಜಾಝಾ?" ಅಂತ ಬೆಂಗಳೂರಿನವರು ಹುಬ್ಬೇರಿಸುತ್ತಾರೆ. ಗಣಿ ಜೋರಾಗಿದ್ದ ಕಾಲದಲ್ಲಿ ಇಲ್ಲಿನ ಆಂಗ್ಲೋ ಇಂಡಿಯನ್ನರ ಡಾನ್ಸ್‌ಗೆ ಬ್ಯಾಂಡ್ ಇಲ್ಲದೆ ನಡೆಯುತ್ತಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಊದುವವರು ಚದುರಿಹೋದರು. ಅದು ಬೇರೆಯೇ ಕಥೆ ಬಿಡಿ.

ಲೀಡ್‌ಪೈಪ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮೌತ್‌ಪೀಸ್ ಕೂರುವ ಜಾಗದಿಂದ ಶುರುವಾಗಿ ಸ್ಲೈಡಿನ ಮೇಲಿನ ಒಳನಳಿಕೆಯೊಳಗೆ ಹೋಗುವ ಚಿಕ್ಕ ಕೊಳವೆ ಅದು. ಒಳಗೆ ಒಂದು ಕಡೆ ತೀರಾ ಕಿರಿದಾಗುತ್ತದೆ, ಆ ಕತ್ತಿಗೆ ವೆಂಚುರಿ ಅನ್ನುತ್ತಾರೆ. ಅಲ್ಲಿಂದ ಮುಂದೆ ನಿಧಾನವಾಗಿ ಅಗಲವಾಗುತ್ತಾ ಸ್ಲೈಡಿನ ಬೋರ್‌ಗೆ ಸೇರುತ್ತದೆ. ಈ ಕತ್ತು ಎಷ್ಟು ಕಿರಿದು, ಎಷ್ಟು ಬೇಗ ಅಗಲವಾಗುತ್ತದೆ, ಪೈಪ್ ಎಷ್ಟು ಉದ್ದ ಅನ್ನುವುದರ ಮೇಲೆ ಊದುವಾಗ ಎಷ್ಟು ತಡೆ ಸಿಗುತ್ತದೆ ಅನ್ನುವುದು ನಿಂತಿದೆ. ನಮ್ಮ ಬ್ಯಾಂಡ್ ಸೆಟ್‌ಗಳಲ್ಲಿ ಕಾಣುವ ಮೀರತ್ ಕಡೆಯ ವಾದ್ಯಗಳಲ್ಲಿ, ಹಳೆಯ ಹೆಚ್ಚಿನ ಟ್ರಂಬೋನ್‌ಗಳಲ್ಲೂ, ಇದನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಬದಲಿಸಬೇಕಾದರೆ ಕಾಯಿಸಿ ತೆಗೆಯಬೇಕು. ನನ್ನದು ಮರೆ (ಥ್ರೆಡ್) ಇರುವ ಕಾಲರ್‌ನದು, ತಿರುಗಿಸಿದರೆ ಬಂತು.

ನಂಬರ್ 1. ಹಚ್ಚಿದ ತಕ್ಷಣ ಖುಷಿ ಕೊಡುವ ಪೈಪ್ ಇದೇ. ನಾಲಿಗೆ ತಾಗಿಸಿದ ಕೂಡಲೇ ಸ್ವರ ಹೊರಗೆ. ಮೇಲಿನ ಬಿ ಫ್ಲ್ಯಾಟ್ ಅಲ್ಲೇ ಕಾದು ಕೂತ ಹಾಗೆ ಸಿಗುತ್ತದೆ. ಜಾಝ್ ಟ್ರಂಬೋನ್ ವಾದಕ ಜೆ.ಜೆ. ಜಾನ್ಸನ್ ಬಿಬಾಪ್ (ವೇಗದ ಜಾಝ್ ಶೈಲಿ) ವೇಗದಲ್ಲೂ ಒಂದೊಂದು ಸ್ವರವನ್ನು ಬಿಡಿಸಿ ನುಡಿಸುತ್ತಿದ್ದರಲ್ಲ, ಆ ತರಹದ ನುಡಿಕೆಗೆ ಇದು ಹೇಳಿ ಮಾಡಿಸಿದ್ದು. ಚಿಕ್ಕ ಕೋಣೆಯಲ್ಲಿ, ಮೈಕ್ ಹತ್ತಿರ ಇದ್ದರೆ, ಬೇರೆ ಪೈಪ್ ಬೇಕಾಗಲ್ಲ. ತೊಂದರೆ ಇರುವುದು ಜೋರಾಗಿ ಊದಿದಾಗ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಉಸಿರು ತಳ್ಳಿದರೂ ಸದ್ದು ಬೆಳೆಯಲ್ಲ, ಸುಮ್ನೆ ಕರ್ಕಶ ಆಗುತ್ತದೆ. ಕೆಳಗಿನ ಸ್ವರಗಳು ತೆಳ್ಳಗೆ. ಮೆರವಣಿಗೆಯಲ್ಲಿ ಪಕ್ಕದಲ್ಲೇ ಜನರೇಟರ್ ಗಾಡಿ, ಹಿಂದೆ ಎರಡು ಸೈಡ್ ಡ್ರಮ್ ಇದ್ದಾಗ ಇದರಲ್ಲಿ ಊದುವುದು ಹಿಂಸೆ.

ನಂಬರ್ 3 ಇದಕ್ಕೆ ಪೂರ್ತಿ ಉಲ್ಟಾ. ಕೋಲಾರದ ಛತ್ರವೊಂದರಲ್ಲಿ ಮೊದಲ ಸಲ ಊದಿದಾಗ ಕ್ಲಾರಿನೆಟ್‌ನವನು ತಿರುಗಿ, "ಏನಣ್ಣಾ, ಬೇರೆ ಟ್ರಂಬೋನ್ ತಂದ್ರಾ?" ಅಂದ. ಅಷ್ಟು ಅಗಲದ ನಾದ. ನಿಧಾನ ಹಾಡುಗಳಲ್ಲಿ ಸ್ವರವನ್ನು ಬೇಕಾದ ಹಾಗೆ ಬಗ್ಗಿಸಬಹುದು, ಜಾರಿಸಬಹುದು. ಆದರೆ ಆ ಬಗ್ಗುವ ಗುಣವೇ ಸುಸ್ತಾದಾಗ ತಿರುಗಿಬೀಳುತ್ತದೆ. ಸ್ವರವನ್ನು ಜಾಗದಲ್ಲಿ ಹಿಡಿದು ಕೂರಿಸುವ ಕೆಲಸ ಪೈಪ್ ಮಾಡಲ್ಲ, ತುಟಿಯೇ ಮಾಡಬೇಕು. ಟ್ರಂಬೋನ್ ಊದುವವರಿಗೆ ಗೊತ್ತು, ಏಳನೇ ಹಾರ್ಮೋನಿಕ್ (ಸ್ಲೈಡ್ ಅಲ್ಲಾಡಿಸದೆ ತುಟಿಯಿಂದಲೇ ಸಿಗುವ ಸ್ವರಗಳಲ್ಲಿ ಏಳನೆಯದು) ಹುಟ್ಟಿನಿಂದಲೇ ಸುಮಾರು 31 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿದಿರುತ್ತದೆ. ಹಾಗಾಗಿ ಮೇಲಿನ ಜಿ ಸ್ವರಕ್ಕೆ ಎರಡನೇ ಪೊಸಿಷನ್ನನ್ನು (ಸ್ಲೈಡ್ ನಿಲ್ಲಿಸುವ ಜಾಗ) ಸ್ವಲ್ಪ ಒಳಗೆ ಎಳೆದುಕೊಳ್ಳಲೇಬೇಕು. ನಂಬರ್ 1ರಲ್ಲಿ ಆ ಜಾಗ ಕೈಗೆ ಅಭ್ಯಾಸವಾಗುತ್ತದೆ. ನಂಬರ್ 3ರಲ್ಲಿ ಮೊದಲ ಹಾಡಿನಲ್ಲಿ ಒಂದು ಕಡೆ, ಕೊನೆಯ ಹಾಡಿನಲ್ಲಿ ಇನ್ನೊಂದು ಕಡೆ. ವರ, ಕುದುರೆ, ಬ್ಯಾಂಡ್ ಎಲ್ಲ ಛತ್ರದ ಬಾಗಿಲಿಗೆ ಬರುವ ಹೊತ್ತಿಗೆ ನನ್ನ ಜಿ ಯಾವ ಊರಿನಲ್ಲಿತ್ತೋ ದೇವರೇ ಬಲ್ಲ.

ನಂಬರ್ 2ರ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಅದೇ ಅದರ ಗುಣ. ನನ್ನ ವಾದ್ಯದಲ್ಲಿ ಹೆಚ್ಚು ದಿನ ಇರುವುದು ಅದೇ.

ನಮ್ಮ ಜಾಝ್ ಗುಂಪಿನವರು ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಪೈಪ್ ಯಾವುದು ಅಂತ ಹೇಳದೆ ಹಾಕಿಕೊಟ್ಟು ಊದಿಸಿದ್ದೂ ಆಯಿತು. ನಂಬರ್ 3 ನನಗೂ ಅವರಿಗೂ ತಿಳಿಯಿತು. 1 ಮತ್ತು 2ರ ವ್ಯತ್ಯಾಸ ಊದುವ ನನಗೆ ಗೊತ್ತಾಯಿತು, ಕೇಳುವವರಿಗೆ ಆಗಲಿಲ್ಲ. ಹಾಗಾಗಿ ಬೇರೆ ಪೈಪ್ ಹಾಕಿದರೆ ಜನ ಬೆರಗಾಗುತ್ತಾರೆ ಅಂತ ದುಡ್ಡು ಹಾಕಬೇಡಿ. ಊದುವವರ ಸುಸ್ತು ಕಡಿಮೆಯಾದರೆ ಅದೇ ಲಾಭ.

ಲೋಹದ ವಿಚಾರದಲ್ಲಿ ವಾದಗಳು ಮುಗಿಯಲ್ಲ. ಬೆಳ್ಳಿಯದು ಗಂಭೀರ, ಗೋಲ್ಡ್ ಬ್ರಾಸ್ ಮೆತ್ತಗೆ, ನಿಕಲ್ ಸಿಲ್ವರ್ ಚುರುಕು ಅಂತೆಲ್ಲ. (ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಚೂರೂ ಇರಲ್ಲ. ತಾಮ್ರ, ನಿಕಲ್, ಸತು ಅಷ್ಟೇ.) ಒಳಗಿನ ಆಕಾರದ ಮುಂದೆ ಲೋಹದ ಪಾಲು ಚಿಕ್ಕದು ಅನ್ನುವುದು ನನ್ನ ಕಿವಿಯ ತೀರ್ಪು. ಆದರೂ ನಂಬರ್ 2 ಅಳತೆಯಲ್ಲಿ ಒಂದು ಗೋಲ್ಡ್ ಬ್ರಾಸ್ ಪೈಪ್ ಬೇರೆಯಾಗಿ ತರಿಸಿಕೊಂಡೆ. ಕಾರಣ ನಾದ ಅಲ್ಲ, ಬಾಳಿಕೆ. ಹಳದಿ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ 70 ಪಾಲು ತಾಮ್ರ, 30 ಪಾಲು ಸತು. ಗೋಲ್ಡ್ ಬ್ರಾಸ್‌ನಲ್ಲಿ ಸತು 15ರ ಆಸುಪಾಸು. ಬಾಯಿಯ ತೇವ ಸತುವನ್ನು ನಿಧಾನವಾಗಿ ತಿಂದು ಹಾಕುತ್ತದೆ, ಕೆಂಪು ಚುಕ್ಕಿ ಬೀಳುತ್ತವೆ. ರೆಡ್ ರಾಟ್ ಅನ್ನುವುದು ಇದಕ್ಕೇ. ತುಟಿಗೆ ಅತಿ ಹತ್ತಿರ ಇರುವುದರಿಂದ ಮೊದಲ ಪೆಟ್ಟು ಲೀಡ್‌ಪೈಪ್‌ಗೆ. ಸತು ಕಡಿಮೆ ಇದ್ದರೆ ತಡೆದುಕೊಳ್ಳುತ್ತದೆ. ಬಿಚ್ಚುವ ಪೈಪ್‌ನ ದೊಡ್ಡ ಉಪಕಾರವೂ ಇಲ್ಲೇ ಇದೆ: ಹಾಳಾದರೆ ಪೈಪ್ ಒಂದನ್ನೇ ಬದಲಿಸಿದರಾಯಿತು, ಸ್ಲೈಡ್ ಮುಟ್ಟಬೇಕಾಗಿಲ್ಲ.

ನಮ್ಮ ಕಡೆಯ ಬೋರ್‌ವೆಲ್ ನೀರಿನ ಬಗ್ಗೆಯೂ ಹೇಳಲೇಬೇಕು. ಬಕೆಟ್ಟಿಗೇ ಬಿಳಿ ಕಟ್ಟುವ ನೀರು ಇದು, ವೆಂಚುರಿಗೆ ಬಿಡುತ್ತದೆಯೇ? ಪೈಪ್ ತೊಳೆಯಲು ಆರ್‌ಓ ನೀರನ್ನೇ ಬಳಸಿ. ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಷ್ ಸಾಕು. ಹುಣಸೆಹಣ್ಣು ಹಾಕಿ ಬೆಳಗುವ ಆಸೆ ಬೇಡ, ಇದು ದೇವರ ದೀಪ ಅಲ್ಲ. ಕತ್ತಿನಲ್ಲಿ ತೆಳ್ಳನೆ ಪದರ ಕಟ್ಟಿದರೂ ನಂಬರ್ 2 ಇದ್ದದ್ದು ನಂಬರ್ 1ರ ಹಾಗೆ ಊದಲು ಶುರುವಾಗುತ್ತದೆ.

ದೂರುಗಳು. ಮೌತ್‌ಪೀಸ್ ಸ್ವಲ್ಪ ಬಿಗಿಯಾಗಿ ಕೂತಿದ್ದರೆ ಅದನ್ನು ತಿರುಗಿಸಿ ತೆಗೆಯುವಾಗ ಕಾಲರ್ ಸಮೇತ ಪೈಪೇ ಬಿಚ್ಚಿಕೊಂಡು ಬರುತ್ತದೆ. ಮತ್ತೆ ಹಾಕುವಾಗ ಮರೆ ಪೂರ್ತಿ ಕೂರದಿದ್ದರೆ ಗಾಳಿ ಸೋರುತ್ತದೆ, ಕೆಲವು ಸ್ವರಗಳಲ್ಲಿ ಝರ್ ಅಂತ ಸದ್ದು. ವಾದ್ಯ ರಿಪೇರಿಯವರ ಹತ್ತಿರ ಹೋಗುವ ಮುಂಚೆ ಕಾಲರ್ ಮುಟ್ಟಿ ನೋಡಿ. ಮರೆಗೆ ಒಂದಿಷ್ಟೇ ಗ್ರೀಸ್ ಸವರಿದರೆ ಎರಡೂ ಕಾಟ ಕಡಿಮೆ. ಇನ್ನೊಂದು, ಬೆಲೆ. ಹೊರದೇಶದಿಂದ ತರಿಸಿದರೆ ಒಂದು ಪೈಪ್‌ಗೆ ನೂರು ಡಾಲರ್ ಆಸುಪಾಸು, ಅದರ ಮೇಲೆ ಸಾಗಣೆ, ಸುಂಕ. ಸ್ಟರ್ಲಿಂಗ್ ಬೆಳ್ಳಿಯದಾದರೆ ಇನ್ನೂ ಜಾಸ್ತಿ. ಪೆಟ್ಟಿಗೆಯಲ್ಲೇ ಮೂರು ಬರುವ ವಾದ್ಯ ಸಿಕ್ಕರೆ ಅದೇ ವಾಸಿ.

ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. ಬಿಚ್ಚಿಕೊಳ್ಳುವ ಕಾಲರ್‌ಗೆ ಒಂದು ಕಳೆದಿದ್ದೇನೆ.

ಬಂಗಾರಪೇಟೆ, ಕೋಲಾರ ಕಡೆ ಸ್ಮಾಲ್ ಶ್ಯಾಂಕ್ (ಮೌತ್‌ಪೀಸ್‌ನ ಸಣ್ಣ ಅಳತೆಯ ಬಾಲ ಕೂರುವ) ಟ್ರಂಬೋನ್ ಊದುವವರು ಇದ್ದರೆ ಕಾಮೆಂಟ್ ಹಾಕಿ, ಬಂದು ಮೂರನ್ನೂ ಊದಿ ನೋಡಬಹುದು. ಮೌತ್‌ಪೀಸ್ ಮಾತ್ರ ನಿಮ್ಮದೇ ತನ್ನಿ. ನಾನು ಊದುವುದು ಬಾಕ್ 6½ ಎಎಲ್. ಶ್ಯಾಂಕ್ ಪೈಪ್‌ನೊಳಗೆ ಎಷ್ಟು ಇಳಿಯುತ್ತದೆ ಅನ್ನುವುದರ ಮೇಲೆ ತಡೆ ಬದಲಾಗುವುದರಿಂದ ನನ್ನ ನಂಬರ್ 2 ನಿಮ್ಮ ಮೌತ್‌ಪೀಸ್‌ಗೆ ನಂಬರ್ 3 ಅನ್ನಿಸಿದರೂ ಅನ್ನಿಸಬಹುದು. ಬರುವ ಮುಂಚೆ ಒಂದು ಗಂಟೆ ಮನೆಯಲ್ಲೇ ಊದಿ ತುಟಿ ಸುಸ್ತು ಮಾಡಿಕೊಂಡು ಬಂದರೆ ಇನ್ನೂ ಒಳ್ಳೆಯದು.